ಸೀಟ್ ಕವರ್ ಎಂದು ಹೆಣೆದ ಹೊದಿಕೆ

ಮೊನ್ನೆ ಅಂಗಡಿಗೆ ಬಂದ ಗಿರಾಕಿಯೊಬ್ಬರು ಯಾವುದೋ ಕಾಲದ ಗಾಡಿಯ ಕ್ಲಚ್ ಕೇಬಲ್ ಕೇಳಿದರು. ಅಂಥ ಹಳೆಯ ಸಾಮಾನುಗಳನ್ನೆಲ್ಲ ನಾನು ಗಲ್ಲಾದ ಕೆಳಗಿನ ಉದ್ದನೆಯ ಡ್ರಾಯರಿನಲ್ಲಿ ತುಂಬಿಟ್ಟಿರುತ್ತೇನೆ. ಕೈಹಾಕಿ ತಡಕಿದೆ. ಕೇಬಲ್ಲಿನ ಜೊತೆಗೆ ಎರಡು ಉದ್ದನೆಯ ಅಲ್ಯೂಮಿನಿಯಂ ಕಡ್ಡಿಗಳೂ ಮೇಲೆ ಬಂದವು. ಒಂದು ತುದಿ ಚೂಪು, ಇನ್ನೊಂದು ತುದಿಗೆ ಗುಂಡಿಯಂಥ ಬಿರಡೆ. ಗಿರಾಕಿ ಒಂದನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿ, "ಇದ್ಯಾವ್ ಗಾಡಿದಣ್ಣ?" ಎಂದು ಕೇಳಿದರು.

ಗುಂಡ್ಲುಪೇಟೆಯಲ್ಲಿ ಎಷ್ಟೋ ವರ್ಷದಿಂದ ಸ್ಕೂಟರು ಬೈಕುಗಳ ಬಿಡಿಭಾಗ ಮಾರಿಕೊಂಡು ಬಂದವನು ನಾನು. ಯಾವ ಬೋಲ್ಟು ಯಾವ ಗಾಡಿಯದೆಂದು ಕೈಯಲ್ಲಿ ಮುಟ್ಟಿಯೇ ಹೇಳಬಲ್ಲೆ ಎಂಬ ಜಂಬವೂ ಇದೆ. ಆದರೆ ಆ ಪ್ರಶ್ನೆಗೆ ಉತ್ತರ ಹೇಳಲು ಹೊರಟರೆ ಅರ್ಧ ದಿನ ಬೇಕು. ಅವರ ಗಾಡಿ ಅಲ್ಲಿ ಮೆಕ್ಯಾನಿಕ್ಕಿನ ಮುಂದೆ ಬಿಚ್ಚಿಕೊಂಡು ಬಿದ್ದಿತ್ತು. "ಅದು ಗಾಡಿದಲ್ಲ ಬುಡಿ" ಎಂದು ಕೇಬಲ್ ಕೊಟ್ಟು ಕಳಿಸಿದೆ. ನಿಮಗೆ ಅವಸರವಿಲ್ಲದಿದ್ದರೆ ನಿಮಗೆ ಹೇಳುತ್ತೇನೆ.

ಅದು ನನ್ನ ಕಾಲು ಮುರಿದ ವರ್ಷ. ನಮ್ಮ ಕಡೆ, ಅದರಲ್ಲೂ ಬಂಡೀಪುರದ ರಸ್ತೆಯಲ್ಲಿ ಗಾಡಿಯಿಂದ ಬಿದ್ದೆ ಎಂದರೆ ಕೇಳುವವರು ಮೊದಲು ಕೇಳುವುದೇ "ಆನೆಯಾ?" ಎಂದು. ಆನೆ ಅಡ್ಡ ಬಂದು ಬಿದ್ದವನಿಗೆ ಊರಿನಲ್ಲಿ ಒಂದು ತೂಕವಿರುತ್ತದೆ. ನಾನು ಹಂಗಳದ ಮೆಕ್ಯಾನಿಕ್ಕೊಬ್ಬರಿಗೆ ಚೈನ್ ಸೆಟ್ ಕೊಟ್ಟು ವಾಪಸು ಬರುತ್ತಿದ್ದೆ. ನನಗೆ ಅಡ್ಡ ಬಂದದ್ದು ಕೋಳಿ. ಹುಂಜ ಕೂಡ ಅಲ್ಲ, ಹೇಟೆ. ಅದನ್ನು ಉಳಿಸಲು ಹ್ಯಾಂಡಲ್ ತಿರುಗಿಸಿದೆ. ಅದು ಉಳಿಯಿತು, ನನ್ನ ಬಲಗಾಲಿನ ಮೂಳೆ ಎರಡಾಯಿತು. ನೋಡಲು ಬಂದವರು ಬ್ರೆಡ್ಡು, ಮೂಸಂಬಿ ಇಟ್ಟು, ಕುರ್ಚಿ ಹತ್ತಿರ ಎಳೆದುಕೊಂಡು ಕಥೆ ಕೇಳಲು ಸಿದ್ಧವಾಗುತ್ತಿದ್ದರು. ಕೋಳಿ ಎಂದ ಕೂಡಲೇ ಅವರ ಮುಖ ಸಪ್ಪಗಾಗುತ್ತಿತ್ತು. ನನ್ನ ಗೆಳೆಯ ಮಾದೇವನಂತೂ, "ಕಾಡಂದಿ ಅಂತಾದ್ರೂ ಅನ್ಲಾ. ನಾಕ್ ಜನಕ್ಕೆ ಹೇಳ್ಕಳಕ್ಕೆ ನಮಗೂ ಮರ್ವಾದೆ ಬ್ಯಾಡ್ವಾ" ಎಂದು ಗೋಗರೆದ.

ತೊಡೆಯವರೆಗೆ ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದರು. ಅಂಗಡಿಯಲ್ಲಿ ನನ್ನ ಹೆಂಡತಿ ರತ್ನ ಕೂರತೊಡಗಿದಳು. ವ್ಯಾಪಾರ ಮೊದಲಿಗಿಂತ ಚೆನ್ನಾಗಿಯೇ ನಡೆಯತೊಡಗಿತು. ಸಾಲ ಕೇಳುವವರು ಅವಳ ಮುಖ ನೋಡಿ ಕೇಳದೆ ಹೋಗುತ್ತಿದ್ದರಂತೆ. ಅದನ್ನು ಅವಳು ಪ್ರತಿದಿನ ಸಂಜೆ ನನಗೆ ಕಾಫಿ ಕೊಡುವಾಗ ಹೇಳುತ್ತಿದ್ದಳು. ಮನೆಯಲ್ಲಿ ಹಗಲೆಲ್ಲ ನಾನು ಮತ್ತು ನಮ್ಮವ್ವ. ನಾನು ಜಗುಲಿಯ ಮೇಲೆ ಸ್ಟೂಲಿಗೆ ಕಾಲು ಚಾಚಿಕೊಂಡು ಬೀದಿ ನೋಡುತ್ತಿದ್ದೆ. ಅವ್ವ ಒಳಗೂ ಹೊರಗೂ ಓಡಾಡುತ್ತ ನನ್ನನ್ನು ನೋಡುತ್ತಿದ್ದಳು.

ಅದೇ ಹೊತ್ತಿನಲ್ಲಿ ಅತ್ತ ಚಾಮರಾಜನಗರದಲ್ಲಿ ನನ್ನ ತಂಗಿ ಮಂಗಳ ಕೂಡ ಹಾಸಿಗೆಯ ಮೇಲಿದ್ದಳು. ಅವಳಿಗೆ ಐದು ತಿಂಗಳು ತುಂಬಿತ್ತು. ವಯಸ್ಸು ನಲವತ್ತರ ಹತ್ತಿರ. ಹಿಂದೆ ಎರಡು ಸಲ ಬಸಿರು ನಿಂತದ್ದು ಕೈಗೆ ಸಿಗದೆ ಹೋಗಿತ್ತು. ಒಂದು ಮೂರನೇ ತಿಂಗಳಿನಲ್ಲಿ, ಇನ್ನೊಂದು ಎಂಟನೇ ತಿಂಗಳಿನಲ್ಲಿ. ಹಾಗಾಗಿ ಈ ಸಲ ಡಾಕ್ಟರು ಮಂಚ ಬಿಟ್ಟು ಇಳಿಯಬಾರದೆಂದು ಹೇಳಿದ್ದರು. ಅವಳ ಅತ್ತೆ ಒಳ್ಳೆಯವರು, ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದರು. ಅಣ್ಣ ಇಲ್ಲಿ ಎದ್ದೇಳುವ ಹಾಗಿಲ್ಲ, ತಂಗಿ ಅಲ್ಲಿ ಎದ್ದೇಳುವ ಹಾಗಿಲ್ಲ. ದಿನಾ ಫೋನು. ಏನು ತಿಂದೆ, ಏನು ತಿಂದೆ ಎಂದು ಒಬ್ಬರನ್ನೊಬ್ಬರು ಕೇಳಿ ಮುಗಿದ ಮೇಲೆ ಇಬ್ಬರಿಗೂ ಮಾತು ಇರುತ್ತಿರಲಿಲ್ಲ. ಹಾಗಂತ ಯಾರೂ ಫೋನ್ ಇಡುತ್ತಿರಲಿಲ್ಲ. ಆ ಕಡೆ ಅವಳ ಫ್ಯಾನ್ ತಿರುಗುವ ಸದ್ದು, ಈ ಕಡೆ ನಮ್ಮ ಬೀದಿಯ ತರಕಾರಿ ಗಾಡಿಯ ಸದ್ದು.

ನಮ್ಮ ಪಕ್ಕದ ಮನೆಯಲ್ಲಿ ಏಲಿಯಮ್ಮ ಎಂಬವರು ಇದ್ದಾರೆ. ಘಟ್ಟದಾಚೆಯ ವಯನಾಡಿನವರು. ಚಿಕ್ಕ ವಯಸ್ಸಿನಲ್ಲಿ ನರ್ಸಾಗಿ ಗುಂಡ್ಲುಪೇಟೆಗೆ ಬಂದವರು ನಿವೃತ್ತಿಯಾದ ಮೇಲೂ ಇಲ್ಲೇ ಉಳಿದರು. ಇಡೀ ಬೀದಿಗೆ ಅವರು ನರ್ಸಮ್ಮ. ಪ್ಲಾಸ್ಟರಿನ ಕೆಳಗಿನ ನನ್ನ ಕಾಲ್ಬೆರಳುಗಳು ಊದಿವೆಯೋ ಎಂದು ನೋಡಲು ದಿನಾ ಹನ್ನೊಂದರ ಹೊತ್ತಿಗೆ ಬರುತ್ತಿದ್ದರು. ಬರುವಾಗ ಕಂಕುಳಲ್ಲಿ ಒಂದು ಚೀಲ. ಬೆರಳು ಒತ್ತಿ ನೋಡಿದ ಮೇಲೆ ಎದುರು ಕುರ್ಚಿಯಲ್ಲಿ ಕೂತು, ಚೀಲದಿಂದ ಉಲ್ಲನ್ ದಾರದ ಉಂಡೆ, ಕಡ್ಡಿ ತೆಗೆದು ಹೆಣೆಯತೊಡಗುತ್ತಿದ್ದರು. ಕಣ್ಣು ಬೀದಿಯ ಮೇಲೆ, ಬಾಯಿ ಅವ್ವನ ಜೊತೆ ಮಾತಿನಲ್ಲಿ, ಕೈ ಮಾತ್ರ ತನ್ನ ಪಾಡಿಗೆ ತಾನು. ಬೆಕ್ಕು ಹಾಲಿನ ಲೋಟ ನೋಡುವ ಹಾಗೆ ನಾನು ಆ ಕೈಗಳನ್ನೇ ನೋಡುತ್ತಿದ್ದೆ.

ಒಂದು ದಿನ ಅವರೇ, "ಮೋನೆ, ಹೀಗೆ ನೋಡಿದರೆ ದಾರಕ್ಕೆ ದೃಷ್ಟಿ ಆಗ್ತದೆ. ನೀನೇ ಕಲ್ತುಕೋ" ಎಂದರು. ಅವರ ಭಾಷೆಯಲ್ಲಿ ಮೋನೆ ಎಂದರೆ ಮಗನೇ ಎಂದು. ನಾನು ನಕ್ಕೆ. ಅವರು ನಗಲಿಲ್ಲ. ಮಾರನೆಯ ದಿನ ಇನ್ನೊಂದು ಜೊತೆ ಕಡ್ಡಿಯನ್ನೂ ಗಿಳಿಹಸಿರು ಬಣ್ಣದ ಒಂದು ದಾರದ ಉಂಡೆಯನ್ನೂ ತಂದು ನನ್ನ ತೊಡೆಯ ಮೇಲೆ ಹಾಕಿದರು. ಬಾಗಿಲಿಗೆ ತೋರಣ ಮಾಡುವ ದಾರವಂತೆ ಅದು. ಕೈಗೆ ಚುಚ್ಚುತ್ತಿತ್ತು.

ನೂಲಿಗೂ ನನಗೂ ಹಳೆಯ ಹಗೆತನ. ತೆರಕಣಾಂಬಿಯಲ್ಲಿ ನಾವು ಓದಿದ ಶಾಲೆಯಲ್ಲಿ ತಕಲಿಯಿಂದ ನೂಲು ತೆಗೆಯುವ ಒಂದು ಪೀರಿಯಡ್ ಇತ್ತು. ಎಲ್ಲರ ತಕಲಿಯೂ ಬುಗುರಿಯ ಹಾಗೆ ತಿರುಗಿ ಎಳೆ ಇಳಿಸುತ್ತಿದ್ದರೆ ನನ್ನದು ಎರಡು ಸುತ್ತು ಸುತ್ತಿ ನೆಲಕ್ಕೆ ಬೀಳುತ್ತಿತ್ತು. ಬೀಳದೆ ಬಂದ ನೂಲು ಒಂದು ಕಡೆ ಕೂದಲಿನಷ್ಟು, ಇನ್ನೊಂದು ಕಡೆ ಕಿರುಬೆರಳಿನಷ್ಟು. ಮೇಷ್ಟ್ರು ಅದನ್ನು ಎತ್ತಿ ಹಿಡಿದು, "ಇದ್ರಲ್ಲಿ ಮೇಕೆ ಕಟ್ಬೋದು ಕಣೋ" ಎಂದಿದ್ದರು. ಕೆಳಗಿನ ತರಗತಿಯಲ್ಲಿದ್ದ ಮಂಗಳ ಅದನ್ನು ಹೇಗೋ ಕೇಳಿಸಿಕೊಂಡು ಮನೆಗೆ ಬಂದು, ನಿಜವಾಗಿಯೂ ಕಟ್ಟಬಹುದೇ ಎಂದು ನೋಡಲು ಆ ನೂಲನ್ನು ನಮ್ಮ ಮೇಕೆಯ ಕೊರಳಿಗೆ ಸುತ್ತಿದಳು. ಮೇಕೆ ಅದನ್ನು ತಿಂದುಬಿಟ್ಟಿತು.

ಅಂಥ ಕೈ ಈಗ ಸ್ಪ್ಯಾನರ್ ಹಿಡಿದು ಹಿಡಿದು ಇನ್ನಷ್ಟು ದಪ್ಪವಾಗಿತ್ತು. ಏಲಿಯಮ್ಮ ಕಲಿಸಿದ್ದು ಎಲ್ಲಕ್ಕಿಂತ ಸುಲಭದ ಹೆಣಿಗೆ. ಮೊದಲು ಒಂದು ಕಡ್ಡಿಯ ಮೇಲೆ ಕುಣಿಕೆಗಳನ್ನು ಸಾಲಾಗಿ ಏರಿಸಿಕೊಳ್ಳಬೇಕು. ಆಮೇಲೆ ಇನ್ನೊಂದು ಕಡ್ಡಿಯನ್ನು ಕುಣಿಕೆಯೊಳಗೆ ತೂರಿಸಿ, ದಾರ ಸುತ್ತಿ, ಹೊರಗೆಳೆದು, ಹಳೆಯ ಕುಣಿಕೆಯನ್ನು ಬಿಟ್ಟುಬಿಡಬೇಕು. ಸಾಲು ಮುಗಿದ ಮೇಲೆ ಕಡ್ಡಿ ತಿರುಗಿಸಿಕೊಂಡು ಮತ್ತೆ ಅದನ್ನೇ. ಹೋಗುವಾಗಲೂ ಅದೇ, ಬರುವಾಗಲೂ ಅದೇ. ಕೇಳಲು ಇಷ್ಟೇ. ನಾನು ದಾರವನ್ನು ಎಷ್ಟು ಬಿಗಿ ಎಳೆಯುತ್ತಿದ್ದೆನೆಂದರೆ ಕಡ್ಡಿ ಒಳಗೆ ಹೋದದ್ದು ಹೊರಗೆ ಬರುತ್ತಿರಲಿಲ್ಲ. ಏಲಿಯಮ್ಮ ನೋಡಿ, "ನೀನು ನಟ್ಟು ಟೈಟ್ ಮಾಡ್ತಾ ಇದ್ದೀಯ. ಸೂಜಿ ಚುಚ್ಚುವಾಗ ಪೇಷೆಂಟಿನ ಕೈ ಹಿಡೀತೀವಲ್ಲ, ಹಾಗೆ ಹಿಡಿ. ಬಿಡಲೂಬಾರದು, ಅವರಿಗೆ ಹೆದರಿಕೆಯೂ ಆಗಬಾರದು" ಎಂದರು.

ಒಂದು ವಾರ ಕಳೆಯುವಷ್ಟರಲ್ಲಿ ಗಿಳಿಹಸಿರಿನ ಒಂದು ತುಂಡು ತಯಾರಾಯಿತು. ಅಡಿಯಲ್ಲಿ ಅಂಗೈ ಅಗಲ ಇದ್ದದ್ದು ಮೇಲೆ ಹೋಗುತ್ತ ಹೋಗುತ್ತ ಮೊರದಗಲ ಆಗಿತ್ತು. ಅಂಚಿನಲ್ಲಿ ದಾರವನ್ನು ಕಡ್ಡಿಯ ಮೇಲಿನಿಂದ ಹಾಕಿಕೊಂಡು ಒಂದೊಂದು ಕುಣಿಕೆಯನ್ನು ಎರಡೆರಡು ಮಾಡಿಕೊಂಡು ಹೋಗಿದ್ದೆನಂತೆ. ನಡುವೆ ಎಲ್ಲೋ ಒಂದು ಕುಣಿಕೆ ಜಾರಿ ಅಲ್ಲಿಂದ ಕೆಳಗಿನವರೆಗೂ ಏಣಿಯ ಮೆಟ್ಟಿಲಿನಂತೆ ಬಿಚ್ಚಿಕೊಂಡಿತ್ತು. "ಸಾರಮಿಲ್ಲ" ಎಂದರು ಏಲಿಯಮ್ಮ. ಪರವಾಗಿಲ್ಲ ಎಂಬುದನ್ನು ಅವರು ಹಾಗೆ ಹೇಳುವುದು. ಹೇಳಿ, ತುದಿ ಹಿಡಿದು ಸರ್ರನೆ ಎಳೆದರು. ನನ್ನ ಒಂದು ವಾರ ಕಣ್ಣೆದುರಿಗೇ ಗುಂಗುರು ಗುಂಗುರಾದ ದಾರವಾಗಿ ನೆಲದ ಮೇಲೆ ಬಿತ್ತು. ಆಸ್ಪತ್ರೆಯಲ್ಲಿ ಮೂಳೆ ಕೂರಿಸಿದಾಗ ಬಾರದ ಕಣ್ಣೀರು ಆಗ ಬಂತು ಎಂದರೆ ನೀವು ನಂಬುವುದಿಲ್ಲ.

ಅವತ್ತು ಸಂಜೆ ಫೋನಿನಲ್ಲಿ ಇದನ್ನು ಮಂಗಳನಿಗೆ ಹೇಳಿದೆ. ಅವಳು ಮಂಚ ಅಲುಗುವಷ್ಟು ನಕ್ಕಳು. ನಗಬೇಡ, ಡಾಕ್ಟರು ಬಯ್ತಾರೆ ಎಂದೆ. ನಗು ನಿಂತ ಮೇಲೆ ಅವಳು, "ಅಣ್ಣ, ಕಲ್ತ ಮೇಲೆ ನಂಗೊಂದು ಮಾಡಿಕೊಡ್ತೀಯಾ?" ಎಂದಳು.

"ನಿಂಗೆ ಸ್ವೆಟರಾ? ಈ ಜನ್ಮದಲ್ಲಿ ಆಗಲ್ಲ."

"ನಂಗಲ್ಲ" ಎಂದಳು. ಅಷ್ಟೇ ಹೇಳಿದಳು.

ನನಗೆ ಅರ್ಥವಾಯಿತು. ಹೀಗೆ ಶುರುವಾಯಿತು ಅದು. ಹೂವಿನ ಲೋಡು ತೆಗೆದುಕೊಂಡು ಊಟಿಯ ಕಡೆ ಹೋಗುತ್ತಿದ್ದ ಮಾದೇವನಿಗೆ, ಕೂಸುಗಳ ಮೈಗೆ ಚುಚ್ಚದಂಥ ಮೆತ್ತನೆಯ ಉಲ್ಲನ್ ದಾರ ತಂದುಕೊಡಲು ಹೇಳಿದೆ. ಅವನು ಬೆಣ್ಣೆಯ ಬಣ್ಣದ ಉಂಡೆಗಳನ್ನು ತಂದ. ಚೌಕನೆಯ ಒಂದು ಹೊದಿಕೆ, ಹೂ ಇಲ್ಲ, ಬಳ್ಳಿ ಇಲ್ಲ, ಬರೀ ಸಾಲು ಎಂದು ಏಲಿಯಮ್ಮ ತೀರ್ಮಾನ ಮಾಡಿದರು. ನನ್ನ ಯೋಗ್ಯತೆ ಅವರಿಗೆ ಗೊತ್ತಿತ್ತು.

ಈಗ ಅವ್ವನ ವಿಷಯ ಹೇಳಬೇಕು. ಮನೆಯಲ್ಲಿ ಅವ್ವ ಮಂಗಳನ ಬಸಿರಿನ ಬಗ್ಗೆ ಮಾತೇ ಎತ್ತುತ್ತಿರಲಿಲ್ಲ. "ಮಂಗಳಿ ಉಸಾರಾಗವ್ಳಾ?" ಎಂದು ಕೇಳುತ್ತಿದ್ದಳು, ಜ್ವರ ಬಂದವಳನ್ನು ಕೇಳುವ ಹಾಗೆ. ಕೂಸು ಎಂಬ ಮಾತು ಅವಳ ಬಾಯಿಂದ ಬಂದದ್ದನ್ನು ನಾನು ಆ ತಿಂಗಳುಗಳಲ್ಲಿ ಕೇಳಲಿಲ್ಲ. ಅವಳನ್ನು ನೋಡಿ ರತ್ನನೂ, ಆ ಕಡೆ ಮಂಗಳನ ಅತ್ತೆ, ಗಂಡ, ಎಲ್ಲರೂ ಹಾಗೆಯೇ ಆಗಿಬಿಟ್ಟಿದ್ದರು. ಹೀಗಿರುವಾಗ ಹುಟ್ಟದ ಕೂಸಿಗೆ ಹೊದಿಕೆ ಹೆಣೆಯುತ್ತಿದ್ದೇನೆ ಎಂದು ಹೇಳುವುದು ಹೇಗೆ? ಅವ್ವ ಕೇಳಿದಾಗ ನಾಲಿಗೆಗೆ ಬಂದ ಸುಳ್ಳು ಹೇಳಿದೆ.

"ಸ್ಕೂಟರಿಗೆ ಸೀಟ್ ಕವರ್ ಅವ್ವ."

ಅವ್ವ ನನ್ನನ್ನೂ ಬೆಣ್ಣೆ ಬಣ್ಣದ ದಾರವನ್ನೂ ನೋಡಿದಳು. "ಅಂಗ್ಡಿ ತುಂಬ ಸೀಟ್ ಕವರ್ ನೇತಾಕಿದ್ದೀಯಲ್ಲ ಮಗ."

"ಅವು ಪ್ಲಾಸ್ಟಿಕ್ಕು. ಬಿಸಿಲಿಗೆ ಕಾಯ್ತವೆ."

"ಇದು ಉಲ್ಲನ್ನು. ಕಾಯಲ್ವ?" ಎಂದು ಕೇಳಿ ಒಳಗೆ ಹೋದಳು. ಕೋಳಿ ಅಡ್ಡ ಬಂದಾಗ ತಲೆಗೂ ಪೆಟ್ಟು ಬಿದ್ದಿರಬೇಕು ಎಂದು ರತ್ನನ ಹತ್ತಿರ ಹೇಳಿದಳಂತೆ.

ಹೊದಿಕೆ ಬೆಳೆಯತೊಡಗಿತು. ನಾನು ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟುಕೊಂಡು ಹೆಣೆಯುತ್ತಿದ್ದೆ. ಅವ್ವ ಒಳಗೆ ಕೆಲಸದಲ್ಲಿರುವಾಗ ಮಂಗಳ ಮೆಲ್ಲಗೆ, "ಇವತ್ತೆಷ್ಟು ಆಯ್ತಣ್ಣ?" ಎಂದು ಕೇಳುತ್ತಿದ್ದಳು. ಒಂದು ಗೇಣು, ಗೇಣಿನ ಮೇಲೆ ನಾಲ್ಕು ಬೆರಳು ಎಂದು ನಾನು ಹೇಳುತ್ತಿದ್ದೆ. ಅವಳು ತನ್ನ ಮಂಚದ ಮೇಲೆ ಅಷ್ಟು ಗೇಣು ಹಾಕಿ ನೋಡುತ್ತಿದ್ದಳಂತೆ. ನಮಗೆ ಮಾತಿಗೆ ಬರ ಇರಲಿಲ್ಲ ಈಗ. ಚಿಕ್ಕಂದಿನಲ್ಲಿ ತೆರಕಣಾಂಬಿಯ ಮನೆಯಲ್ಲಿ ಇಬ್ಬರಿಗೂ ಸೇರಿ ಇದ್ದ ಒಂದೇ ಹೊದಿಕೆಯ ನೆನಪು ಬಂತು. ಅವ್ವನ ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದದ್ದು ಅದು. ನೀನು ಎಳೆದುಕೊಂಡೆ, ನೀನು ಎಳೆದುಕೊಂಡೆ ಎಂದು ದಿನಾ ಜಗಳ. ಕೊನೆಗೆ ಅವ್ವ ಅದರ ನಟ್ಟನಡುವೆ ಕೆಂಪು ದಾರದಲ್ಲಿ ಒಂದು ಗೆರೆ ಹೊಲಿದು, ಈ ಕಡೆ ಇವನದು, ಆ ಕಡೆ ಇವಳದು ಎಂದು ತೀರ್ಪು ಕೊಟ್ಟಿದ್ದಳು. ಮಂಗಳ ಬೆಳಗ್ಗೆ ಏಳುವ ಹೊತ್ತಿಗೆ ಗೆರೆ ಅವಳ ಆಚೆಯ ಮಗ್ಗುಲು ಸೇರಿರುತ್ತಿತ್ತು. ಇದನ್ನು ಹೇಳಿದರೆ ಅವಳು ಇವತ್ತಿಗೂ ಒಪ್ಪುವುದಿಲ್ಲ.

ಏಳನೇ ತಿಂಗಳು ಮುಗಿಯುತ್ತ ಬಂದಿತ್ತು. ಪ್ಲಾಸ್ಟರ್ ಬಿಚ್ಚಿದ್ದರು, ನಾನು ಕೋಲು ಹಿಡಿದು ಓಡಾಡುತ್ತಿದ್ದೆ. ಅವರೆಕಾಯಿಯ ಕಾಲ. ಅವ್ವ ಮತ್ತು ಏಲಿಯಮ್ಮ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಏಲಿಯಮ್ಮ ಏನೂ ಅರಿಯದೆ, ಸಂತೋಷದಿಂದಲೇ, "ನಿಮ್ಮ ಮಗ ಪರವಾಗಿಲ್ಲ ಕಣಮ್ಮ. ಮಗು ಬರುವುದರೊಳಗೆ ಹೊದಿಕೆ ಮುಗಿಸ್ತಾನೆ" ಎಂದುಬಿಟ್ಟರು.

ಅವ್ವನ ಕೈ ನಿಂತಿತು. ಕೈಯಲ್ಲಿದ್ದ ಕಾಯನ್ನು ಸುಲಿಯದೆ ಮೊರದಲ್ಲಿಟ್ಟು ಎದ್ದು ಒಳಗೆ ಹೋದಳು. ಏಲಿಯಮ್ಮ ನನ್ನ ಮುಖ ನೋಡಿದರು, ನಾನು ದಾರ ನೋಡಿದೆ. ಅವರು ಹೋಗುವವರೆಗೂ ಅವ್ವ ಹೊರಗೆ ಬರಲಿಲ್ಲ. ಬಂದಾಗ ಅವಳ ಕೈಯಲ್ಲಿ ಒಂದು ಪುಟ್ಟ ಬಟ್ಟೆಯ ಗಂಟು. ಬಿಚ್ಚಿ ನನ್ನ ತೊಡೆಯ ಮೇಲಿಟ್ಟಳು. ಎಳೆಕೂಸುಗಳ ತಲೆಗೆ ಹಾಕುವ ಕುಲಾವಿ. ಅವಳದೇ ಹಸಿರು ಸೀರೆಯ ಸೆರಗಿನಲ್ಲಿ ಹೊಲಿದು, ಅಂಚಿಗೆ ಜರಿ ಕೂರಿಸಿ, ಗದ್ದಕ್ಕೆ ಕಟ್ಟಲು ದಾರ ಬಿಟ್ಟದ್ದು. ಒಂದು ಸಲವೂ ಕಟ್ಟದ ದಾರ.

"ಎಂಟನೇ ತಿಂಗ್ಳಲ್ಲಿ ಓಯ್ತಲ್ಲ, ಅದುಕ್ಕೆ ಅಂತ ಒಲ್ದಿದ್ದೆ" ಎಂದಳು. "ಯಾರ್ಗೂ ತೋರ್ಸಿಲ್ಲ. ಆಸೆ ತಡೀನಾರ್ದೆ ಒಲ್ದ್ಬುಟ್ಟೆ. ಇದುನ್ನ ಇವತ್ತು ಯಾರ್ ತಲೆಗೆ ಆಕ್ಲಿ ಹೇಳು."

ನಾನು ಕುಲಾವಿಯ ಜರಿಯನ್ನು ಬೆರಳಲ್ಲಿ ಸವರಿದೆ.

"ಹುಟ್ಟಿದ ಮೇಲೇ ಎಲ್ಲ. ಅದೂ ಮೊದ್ಲು ಮೈಗೆ ಸುತ್ತದು ಅಳೇ ಬಟ್ಟೇನೇ. ಯಾರಾರ ಉಟ್ಟು ತೊಟ್ಟು ಮೆತ್ತಗಾಗಿರದು. ಬರಕ್ಕೆ ಮುಂಚೇನೇ ಹೊಸದು ಮಾಡಿ ಮಡಗ್ಬಾರ್ದು ಕಣ್ಲಾ. ನಾನು ಮಾಡಿ ಕಂಡಿವ್ನಿ."

ಕುಲಾವಿಯನ್ನು ಮತ್ತೆ ಗಂಟು ಕಟ್ಟಿ ಒಳಗೆ ತೆಗೆದುಕೊಂಡು ಹೋದಳು. ನಾನು ಅವಳ ಮಾತನ್ನು ನಂಬುವವನೋ ಅಲ್ಲವೋ, ಅದು ಬೇರೆ. ಆದರೆ ಇಷ್ಟು ವರ್ಷ ಅವಳು ಅದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ನಮ್ಮ ನಡುವೆ ಓಡಾಡಿದ್ದಳು, ಬೇಳೆ ಬೇಯಿಸಿದ್ದಳು, ಬೀಗರ ಮನೆಗೆ ಹೋಗಿ ನಕ್ಕು ಬಂದಿದ್ದಳು ಎಂಬುದನ್ನು ನೆನೆದ ಮೇಲೆ ನನಗೆ ಕಡ್ಡಿ ಹಿಡಿಯಲು ಕೈ ಬರಲಿಲ್ಲ. ಮುಕ್ಕಾಲು ಆಗಿದ್ದ ಹೊದಿಕೆಯನ್ನು ಕಡ್ಡಿಯ ಸಮೇತ ಬೀರುವಿನ ಮೇಲೆ ಎತ್ತಿಟ್ಟೆ.

ಮಂಗಳ ಫೋನಿನಲ್ಲಿ ಎಷ್ಟಾಯ್ತು ಎಂದು ಕೇಳಿದಳು. ಆಗ್ತಾ ಇದೆ ಎಂದೆ. ಮಾರನೆಯ ದಿನವೂ ಅದನ್ನೇ ಹೇಳಿದೆ. ಅದರ ಮಾರನೆಯ ದಿನ ಅವಳು, "ಗೇಣಿನ ಲೆಕ್ಕ ಯಾಕೆ ಹೇಳ್ತಿಲ್ಲ ನೀನು?" ಎಂದಳು. ನನಗೆ ಎರಡನೇ ಸುಳ್ಳು ಹೊಳೆಯಲಿಲ್ಲ. ನಿಲ್ಲಿಸಿದ್ದೇನೆ ಎಂದೆ. ಅವ್ವನಿಗೆ ಗೊತ್ತಾಯಿತು, ಅವಳಿಗೆ ಹೆದರಿಕೆ ಎಂದೆ. ಕುಲಾವಿಯ ವಿಷಯ ಹೇಳಲಿಲ್ಲ.

ಆ ಕಡೆ ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು.

"ನಂಗೂ ಹೆದ್ರಿಕೆ ಅಣ್ಣ" ಎಂದಳು ಆಮೇಲೆ. ಸಮಾಧಾನವಾಗಿಯೇ ಹೇಳಿದಳು. "ಬೆಳಗೆದ್ದು ಕಣ್ಬಿಟ್ರೆ ಮೊದ್ಲು ಹೊಟ್ಟೆ ಮುಟ್ಟಿ ನೋಡ್ಕೋತೀನಿ. ಇಲ್ಲಿ ಅತ್ತೆ, ಅವ್ರು, ಎಲ್ರೂ ಚೆನ್ನಾಗೇ ನೋಡ್ಕೋತಾರೆ. ಆದ್ರೆ ಒಬ್ರೂ ಕೂಸು ಅನ್ನಲ್ಲ. ಒಳಗೆ ಒದೀತಾ ಇರುತ್ತೆ, ಹೇಳಣ ಅಂದ್ರೆ ಎಲ್ರೂ ಮುಖ ತಿರುಗಿಸ್ಕೋತಾರೆ. ಇಲ್ಲದೇ ಇರೋದನ್ನ ನಾನೊಬ್ಳೇ ಹೊತ್ಕೊಂಡಿದೀನಿ ಅನ್ನಂಗಾಗ್ತದೆ. ನೀನೊಬ್ಬ ಅದು ಬರ್ತದೆ ಅಂತ ಹೆಣೀತಿದ್ದೆ."

ನಾನು ಏನೋ ಸಮಾಧಾನ ಹೇಳಿದೆ. ಏನು ಹೇಳಿದೆನೋ ನೆನಪಿಲ್ಲ. ಫೋನ್ ಇಟ್ಟು ತಿರುಗಿದರೆ ಅವ್ವ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಫೋನು ಎಂದಿನಂತೆ ಸ್ಪೀಕರಿನಲ್ಲೇ ಇತ್ತು.

ಸೌಟು ಹಿಡಿದೇ ಒಳಗೆ ತಿರುಗಿದಳು. ಊಟಕ್ಕೆ ಹಾಕಿದಳು, ತಾನೂ ಉಂಡಳು. ಮಾರನೆಯ ಬೆಳಗ್ಗೆ ನಾನು ಜಗುಲಿಯ ಬಿಸಿಲಲ್ಲಿ ಕೂತಿದ್ದಾಗ ಒಳಗಿಂದ ಬಂದು, ಬೀರುವಿನ ಮೇಲಿಂದ ಇಳಿಸಿದ ಹೊದಿಕೆಯನ್ನು ನನ್ನ ಮಡಿಲಿಗೆ ಹಾಕಿದಳು.

"ಮುಗ್ಸು" ಎಂದಳು. "ಮುಗ್ಸಿ ನಂಗ್ ಕೊಡು."

"ನಿಂಗಾ?"

"ಊಂ. ನಂಗ್ ಚಳಿ ಆಯ್ತದೆ. ಅವ್ವಂಗೆ ಅಂತ ಒಂದು ಮಾಡ್ಬಾರ್ದ? ಸ್ಕೂಟ್ರಿಗೆ ಮಾಡ್ತಾನಂತೆ."

ಅವಳಿಗೆ ನಿಜವಾಗಿಯೂ ಚಳಿಯೋ, ಅಥವಾ ಮಗಳಿಗೆ ಸಮಾಧಾನವಾಗಲಿ ಎಂದು ನನ್ನ ಕೈಯಲ್ಲಿ ಮುಗಿಸಿಕೊಂಡು ತಾನು ಕಿತ್ತುಕೊಳ್ಳುವ ಉಪಾಯವೋ, ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ಹೆಣೆದು ಮುಗಿಸಿದೆ. ಏಲಿಯಮ್ಮ ಕೊನೆಯ ಸಾಲನ್ನು ಬಿಚ್ಚಿಕೊಳ್ಳದ ಹಾಗೆ ಮುಚ್ಚುವುದನ್ನು ತೋರಿಸಿಕೊಟ್ಟರು. ಒಂದು ಅಂಚು ಇನ್ನೊಂದಕ್ಕಿಂತ ಗಿಡ್ಡ, ಶುರುವಿನ ಸಾಲುಗಳು ಬಿಗಿ, ಕೊನೆಯವು ಸಡಿಲ. ಆದರೂ ಅದು ಹೊದಿಕೆ. ನೋಡಿದವರು ಯಾರೂ ಇದೇನು ಎಂದು ಕೇಳುವ ಹಾಗಿರಲಿಲ್ಲ. ಜೀವನದಲ್ಲಿ ನಾನು ಮಾಡಿದ, ನಟ್ಟು ಬೋಲ್ಟು ಇಲ್ಲದ ಮೊದಲನೆಯ ವಸ್ತು.

ಅವ್ವ ಅದನ್ನು ಇಸಿದುಕೊಂಡು, ಚೆನ್ನಾಗಿದೆ ಎಂದೂ ಅನ್ನದೆ, ಅವತ್ತಿಂದಲೇ ಬಳಸತೊಡಗಿದಳು. ಬಳಸುವುದೆಂದರೆ ಹಾಗೆ ಹೀಗೆ ಅಲ್ಲ. ಬೆಳಗ್ಗೆ ಬಿಸಿಲಿಗೆ ಕೂತರೆ ಅದು ಹೆಗಲ ಮೇಲೆ, ಅಕ್ಕಿ ಆರಿಸುವಾಗ ಮಂಡಿಯ ಮೇಲೆ, ಮಧ್ಯಾಹ್ನ ಮಲಗಿದರೆ ಮಡಿಸಿ ತಲೆಯಡಿಗೆ. ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಸೀಗೆಪುಡಿ ಹಾಕಿ ಕುಕ್ಕಿ ಕುಕ್ಕಿ ಒಗೆದು ಹಿತ್ತಿಲಿನ ತಂತಿಗೆ ಹರಡುತ್ತಿದ್ದಳು. ಉಲ್ಲನ್ನನ್ನು ಹಾಗೆ ಕುಕ್ಕಬಾರದು ಎಂದು ಏಲಿಯಮ್ಮ ಹೇಳಿದ್ದನ್ನು ನಾನು ಹೇಳಿದೆ. "ಬಟ್ಟೆ ಅಂದ್ಮೇಲೆ ಒಗೀಬೇಕು" ಎಂದಳು. ನನ್ನ ಕೈಕೆಲಸಕ್ಕೆ ಒಂದು ಮರ್ಯಾದೆ ಇಲ್ಲವಲ್ಲ ಎಂದು ನನಗೆ ಒಳಗೊಳಗೇ ಉರಿಯುತ್ತಿತ್ತು. ಬೆಣ್ಣೆಯ ಬಣ್ಣ ಹೋಗಿ ಅನ್ನ ಬಸಿದ ಗಂಜಿಯ ಬಣ್ಣ ಬಂತು. ಮಂಗಳನಿಗೆ, ಮುಗೀತು, ಅವ್ವ ಎತ್ತಿಟ್ಟುಕೊಂಡಿದ್ದಾಳೆ ಎಂದಷ್ಟೇ ಹೇಳಿದ್ದೆ.

ಎಂಟನೇ ತಿಂಗಳು ಯಾರೂ ಜೋರಾಗಿ ಉಸಿರಾಡದ ಹಾಗೆ ಕಳೆಯಿತು. 

ಒಂಬತ್ತರಲ್ಲಿ, ಹೇಳಿದ ದಿನಕ್ಕಿಂತ ಮುಂಚೆಯೇ, ಒಂದು ಬೆಳಗ್ಗೆ ಮಂಗಳನ ಗಂಡನ ಫೋನ್ ಬಂತು. ಆಸ್ಪತ್ರೆಗೆ ಸೇರಿಸಿದ್ದೇವೆ ಎಂದರು. ನಾನೂ ಅವ್ವನೂ ಸಿಕ್ಕಿದ ಬಸ್ಸು ಹತ್ತಿದೆವು. ಮಂಜು ಇನ್ನೂ ಬಿಟ್ಟಿರಲಿಲ್ಲ, ರಸ್ತೆಯ ಎರಡೂ ಕಡೆಯ ಹೊಲಗಳು ಕಾಣುತ್ತಿರಲಿಲ್ಲ. ಅವ್ವ ಮಡಿಲಲ್ಲಿ ಬಟ್ಟೆಯ ಚೀಲವೊಂದನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಕೂತಿದ್ದಳು. ಚಾಮರಾಜನಗರ ಬರುವವರೆಗೆ ಒಂದು ಮಾತೂ ಆಡಲಿಲ್ಲ. ಫ್ಲಾಸ್ಕು, ಟವೆಲು ಏನೋ ಇರಬೇಕು ಎಂದು ನಾನು ಅಂದುಕೊಂಡೆ.

ನಾವು ಹೋಗಿ ಹೆರಿಗೆ ವಾರ್ಡಿನ ಮುಂದಿನ ಬೆಂಚಿನಲ್ಲಿ ಕೂತ ಸ್ವಲ್ಪ ಹೊತ್ತಿಗೆ ಒಳಗಿಂದ ಅಳು ಕೇಳಿಸಿತು. ಸಣ್ಣ ಅಳು, ಆದರೆ ನಿಲ್ಲದ ಅಳು. ಮಂಗಳನ ಗಂಡ ಗೋಡೆಯ ಕಡೆ ಮುಖ ಮಾಡಿ ನಿಂತರು. ಬಾಗಿಲು ತೆರೆದು ನರ್ಸೊಬ್ಬಳು ತಲೆ ಹೊರಗೆ ಹಾಕಿ, "ಹೆಣ್ಣು ಮಗು. ಇಬ್ರೂ ಚೆನ್ನಾಗಿದ್ದಾರೆ. ಸ್ವಲ್ಪ ತೂಕ ಕಮ್ಮಿ ಇದೆ, ಬೆಚ್ಚಗಿಡ್ಬೇಕು. ಬಟ್ಟೆ ಕೊಡಿ" ಎಂದಳು. ಮಂಗಳನ ಅತ್ತೆ ಹಳೆಯ ಸೀರೆಯ ತುಂಡುಗಳನ್ನು ಕೊಟ್ಟರು. ನರ್ಸ್ ಮುಟ್ಟಿ ನೋಡಿ, "ಇದು ಒಳಗೆ ಸುತ್ತೋಕೆ ಆಯ್ತು. ಮೇಲೆ ಹೊದಿಸೋಕೆ ಇನ್ನೂ ಬೆಚ್ಚಗಿರೋದು ಏನಾದ್ರೂ ಇದ್ಯಾ?" ಎಂದಳು.

ಅವ್ವ ಎದ್ದು ನಿಂತು ಚೀಲದ ಬಾಯಿ ಬಿಚ್ಚಿದಳು. ಒಗೆದು ಒಣಗಿಸಿ, ಬಿಳಿ ಪಂಚೆಯಲ್ಲಿ ಸುತ್ತಿ ತಂದಿದ್ದ ಹೊದಿಕೆಯನ್ನು ತೆಗೆದು ನರ್ಸಿನ ಕೈಗಿಟ್ಟಳು.

"ಮನೇಲೇ ಹೆಣೆದದ್ದಾ ಅಜ್ಜಿ? ಹೊಸದಾ?" ಎಂದಳು ನರ್ಸ್.

"ಹೊಸದಲ್ಲ ಕಣವ್ವ" ಎಂದಳು ಅವ್ವ. ಧ್ವನಿ ಒಂದಿಷ್ಟೂ ಅಲುಗಲಿಲ್ಲ. "ನಂದು ಅದು. ನಂಗೆ ಅಂತ ನನ್ ಮಗ ಮಾಡ್ಕೊಟ್ಟಿದ್ದ. ಇಷ್ಟು ದಿನ ನಾನೇ ಬಳಸಿವ್ನಿ. ಚೆನ್ನಾಗಿ ಅಳೇದಾಗದೆ. ಕೂಸ್ಗೆ ಏನೂ ಆಗಲ್ಲ, ಸುತ್ತು."

ನಾನು ಕೋಲು ಹಿಡಿದು ಮಂಕನಂತೆ ನಿಂತಿದ್ದೆ. ಹೆಗಲ ಮೇಲೆ, ಮಂಡಿಯ ಮೇಲೆ, ತಲೆಯಡಿಗೆ, ಬಿಸಿನೀರಿನಲ್ಲಿ ಕುಕ್ಕಿ ಕುಕ್ಕಿ, ಅಷ್ಟು ದಿನ ಅವಳು ಮಾಡಿದ್ದು ಇದೊಂದೇ ಕೆಲಸ. ಹೊಸದಾಗಿದ್ದನ್ನು ಅವಸರ ಅವಸರವಾಗಿ ಹಳೆಯದು ಮಾಡಿದ್ದಳು. ಬರುವ ಮುಂಚೆ ಕೂಸಿಗೆಂದು ಯಾರೂ ಏನೂ ಮಾಡಿರಲಿಲ್ಲ. ಅಜ್ಜಿಯ ಹಳೆಯ ಹೊದಿಕೆಯೊಂದು ಹೇಗೋ ಚೀಲದಲ್ಲಿತ್ತು, ಅಷ್ಟೇ. ಯಾವ ದೇವರೇ ಬಂದು ಲೆಕ್ಕ ಕೇಳಿದರೂ ಅವ್ವನ ಹತ್ತಿರ ಉತ್ತರವಿತ್ತು.

ಮಂಗಳನನ್ನು ವಾರ್ಡಿಗೆ ತಂದ ಮೇಲೆ ಒಳಗೆ ಬಿಟ್ಟರು. ಅವಳ ಪಕ್ಕದಲ್ಲಿ ಹೊದಿಕೆಯ ಒಂದು ಗಂಟು, ಗಂಟಿನ ತುದಿಯಲ್ಲಿ ಅಂಗೈಯಷ್ಟು ಕೆಂಪು ಮುಖ. ಎಷ್ಟು ಮಡಿಕೆ ಸುತ್ತಿದರೂ ಇನ್ನೂ ಉಳಿಯುವಷ್ಟು ದೊಡ್ಡದು ಮಾಡಿದ್ದೆ ನಾನು. ಮಂಗಳ ಬಹಳ ಬಳಲಿದ್ದಳು. ಹೊದಿಕೆಯ ಅಂಚನ್ನು ಎತ್ತಿ ಮೂಗಿಗೆ ಹಿಡಿದು, "ಅಣ್ಣ, ಇದ್ರಲ್ಲಿ ಅವ್ವನ ವಾಸ್ನೆ ಅದೆ" ಎಂದಳು. ಸೀಗೆಪುಡಿ, ಒಲೆ, ಎಲೆಅಡಿಕೆ. ಅವ್ವ ತೋರುಬೆರಳಿನಿಂದ ಕೂಸಿನ ಹಣೆಯನ್ನು ಮುಟ್ಟಿಯೂ ಮುಟ್ಟದ ಹಾಗೆ ಸವರಿದಳು.

ಮಾರನೆಯ ದಿನ ಮಧ್ಯಾಹ್ನ ನಾನೂ ಅವ್ವನೂ ಊರಿಗೆ ಹೊರಟೆವು. ಬಾಣಂತಿಗೆ ಬೇಕಾದ ಮೆಣಸು, ಬಜೆ, ಇನ್ನಷ್ಟು ಹಳೆಯ ಸೀರೆ, ಎಲ್ಲ ತೆಗೆದುಕೊಂಡು ಅವ್ವ ಸಂಜೆಗೇ ವಾಪಸು ಬರಬೇಕಿತ್ತು. ಬಸ್ಸು ತುಂಬಿತ್ತು. ಹೆಂಗಸರ ಸೀಟಿನಲ್ಲಿ ಸೊಪ್ಪಿನ ಕುಕ್ಕೆ ಇಟ್ಟುಕೊಂಡಿದ್ದ ಒಬ್ಬರ ಪಕ್ಕ ಅವ್ವನಿಗೆ ಜಾಗ ಸಿಕ್ಕಿತು. ನಾನು ಹಿಂದಿನ ಸೀಟಿನಲ್ಲಿ ಕೂತೆ. ಬಸ್ಸು ಊರು ದಾಟುವ ಮುಂಚೆಯೇ ಅವ್ವ ಆ ಹೆಂಗಸಿನ ಕಡೆ ತಿರುಗಿದಳು.

"ನನ್ ಮಗ್ಳಿಗೆ ಕೂಸಾಗದೆ ಕಣವ್ವ" ಎಂದಳು. "ಹೆಣ್ಗೂಸು. ನೆನ್ನೆ ಬೆಳಿಗ್ಗೆ."

"ಒಳ್ಳೇದಾಯ್ತು ಬುಡಿ. ಮೊದಲ್ನೇದಾ?"

"ಊಂ ಕಣವ್ವ. ತಡವಾಗಿ ಬಂತು. ಬಂದದ್ದು ಮಾತ್ರ ನೋಡ್ಬೇಕು ನೀನು. ಉಗುರು ಆಗ್ಲೇ ಇಷ್ಟುದ್ದ ಬಿಟ್ಟವ್ಳೆ. ಕೂದ್ಲು ಕಪ್ಪುಗೆ. ನಾನು ಮುಟ್ಟುದ್ರೆ ಕಣ್ಬಿಟ್ಟು ನೋಡುದ್ಲು. ನಮ್ ಅಜ್ಜಿ ಅಂತ ಗೊತ್ತಾಗದೆ ಅವಳ್ಗೆ."

ಕೂಸು ಅವಳು ಮುಟ್ಟಿದಾಗ ಕಣ್ಣು ಬಿಟ್ಟದ್ದನ್ನು ನಾನು ನೋಡಲಿಲ್ಲ. ಇರಲಿ. ಕಂಡಕ್ಟರ್ ಟಿಕೆಟ್ಟಿಗೆ ಬಂದ, ಅವನಿಗೂ ಹೇಳಿದಳು. ಅವನು ಹೌದಾ ಅಜ್ಜಿ ಎಂದು ಮುಂದೆ ಹೋದ. ಮೂರು ಸೀಟು ದೂರದಲ್ಲಿ ನಿಂತಿದ್ದವರೂ ತಿರುಗಿ ನೋಡುವಷ್ಟು ಜೋರಾಗಿ, ಒಂಬತ್ತು ತಿಂಗಳು ಬಾಯಲ್ಲಿ ಕಟ್ಟಿಟ್ಟುಕೊಂಡಿದ್ದ ಆ ಮಾತನ್ನು ಅವಳು ಮತ್ತೆ ಮತ್ತೆ ಅನ್ನುತ್ತಿದ್ದಳು. ಕೂಸು ಹಾಗೆ ಆಕಳಿಸಿತು, ಕೂಸು ಹೀಗೆ ಕೈ ಮುಷ್ಟಿ ಮಾಡಿತು, ಕೂಸಿನ ಕಿವಿ ಥೇಟು ಅವರ ತಾತನದು.

ತೆರಕಣಾಂಬಿಯಲ್ಲಿ ಸೊಪ್ಪಿನ ಕುಕ್ಕೆಯವರು ಇಳಿದರು. ಆ ಜಾಗಕ್ಕೆ ಇನ್ನೊಬ್ಬ ಹೆಂಗಸು ಬಂದು ಕೂತರು. ಅವರು ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಸುಧಾರಿಸಿಕೊಳ್ಳುವವರೆಗೆ ಅವ್ವ ಕಾದಳು. ಆಮೇಲೆ ಸೆರಗು ಸರಿಮಾಡಿಕೊಂಡು ಮೊದಲಿನಿಂದ ಶುರುಮಾಡಿದಳು.